ಜೋಜೋಡಿಗೆ ಹೊರಟ ಬಾಣ

ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಗದ್ದೆಗಳಲ್ಲಿ ನೀರು ಬದು ಮೀರಿ ನಾಟಿ ನಿಂತುಹೋಗಿತ್ತು. ಕೆಲಸವಿಲ್ಲದ ಜನ ಸಂಜೆಗೆ ಮುಂಚೆಯೇ ಒಬ್ಬೊಬ್ಬರಾಗಿ ಬಂದು ಊರ ಯಜಮಾನ ಸನಿಕಾನ ಜಗಲಿಯಲ್ಲಿ ಕೂತಿದ್ದರು. ಛೋಟಾನಾಗಪುರದ ಕಾಡಿನ ಸೆರಗಿನಲ್ಲಿರುವ ಮುರುದ್‌ಟೋಲಿ ಮುಂಡಾ ಜನರ ಊರು. ಇಪ್ಪತ್ತು ಮನೆ, ಊರ ಮುಂದೆ ಹಿರಿಯರ ಮೂಳೆಗಳ ಮೇಲೆ ಮಲಗಿಸಿದ ಚಪ್ಪಡಿ ಕಲ್ಲುಗಳು. ಹೆಂಗಸರು ಎಲೆದೊನ್ನೆ ಚುಚ್ಚುತ್ತಿದ್ದರು, ಗಂಡಸರು ಹಗ್ಗ ಹೊಸೆಯುತ್ತಿದ್ದರು, ಅಕ್ಕಿ ಹೆಂಡದ ಗಡಿಗೆ ಕೈಯಿಂದ ಕೈಗೆ ಹೋಗುತ್ತಿತ್ತು. ನಾಳೆ ಸರ್ಕಾರದ ಮೋಜಣಿ ಅಮೀನ ಸರಪಳಿ ತಂದು ಹಿರಿಯರ ಕಲ್ಲಿನ ಜಾಗವನ್ನೂ ಅಳೆಯುತ್ತಾನಂತೆ ಎಂಬ ಮಾತು ಒಮ್ಮೆ ಬಂತು. ಯಾರೂ ಎತ್ತಿಕೊಳ್ಳದೆ ಅದು ಹಾಗೇ ಬಿದ್ದುಹೋಯಿತು.

ಮನೆಯ ಯಜಮಾನನೇ ಜಗಲಿಯಲ್ಲಿರಲಿಲ್ಲ. ಸನಿಕಾ ಎಲೆಯ ಗೊರಬು ಹೊದ್ದು, ಎಡಗೈಯಲ್ಲಿ ಗುದ್ದಲಿ ಹಿಡಿದು, ಅಂಗಳದ ಹುಣಸೆ ಮರದ ಕೆಳಗೆ ನಿಂತಿದ್ದ. ಕಾಲುವೆ ಕಟ್ಟಿಕೊಂಡು ನೀರು ಒಳಗೆ ನುಗ್ಗೀತು, ನೋಡ್ಕೋಬೇಕು ಎಂದು ಬೆಳಗಿನಿಂದ ಅದೇ ನೆಪ ಹೇಳುತ್ತಿದ್ದ.

ಜಗಲಿಯ ಒಳ್ಳೆಯ ಚಾಪೆ ಸಿಕ್ಕಿದ್ದು ಪಾಂಡುವಿಗೆ. ಅವನು ಹೊಳೆಯಾಚೆಯ ಕುದಾಡಿ ಊರಿನ ಯಜಮಾನ, ಸನಿಕಾನ ತಂಗಿಯ ಗಂಡ. ಹೊಳೆ ತುಂಬಿದ್ದರಿಂದ ಮೂರು ದಿನದಿಂದ ಮಾವನ ಮನೆಯಲ್ಲೇ ಸಿಕ್ಕಿಬಿದ್ದಿದ್ದ. ಬಾಯಿ ಮಾತ್ರ ಎಲ್ಲೂ ಸಿಕ್ಕಿಬಿದ್ದಿರಲಿಲ್ಲ.

"ಹೇಸಾಲಿನ ಯಜಮಾನ, ಆ ಮುದುಕ ರೀಸಾ ಸತ್ತು ಎಂಟು ದಿನ ಆಯ್ತಲ್ಲ. ನೆರಳು ಇನ್ನೂ ಮನೆಗೆ ಬಂದಿಲ್ವಂತೆ!" ಎಂದ ಪಾಂಡು. "ಮೂರು ಸಲ ಕರೆದ್ರಂತೆ. ಒಳಮನೇಲಿ ಹರಡಿದ ಬೂದೀಲಿ ಒಂದು ಇರುವೆ ಹೆಜ್ಜೆ ಕೂಡ ಇಲ್ವಂತೆ. ಬದುಕಿದ್ದಾಗ್ಲೂ ಅಷ್ಟೇ, ಊಟಕ್ಕೆ ಕರೆದ್ರೆ ಒಂದು ಗಳಿಗೆ ಬಿಟ್ಟು ಬರೋನು!"

ಎಲ್ಲರೂ ನಕ್ಕರು. ಸತ್ತವರ ಜೀವದ ನೆರಳನ್ನು ಮನೆಗೆ ಕರೆದು, ಅದು ಬಂದ ಗುರುತನ್ನು ಬೂದಿಯಲ್ಲಿ ನೋಡುವುದು ಅಲ್ಲಿನ ಪದ್ಧತಿ. ಗೋಡೆಗೆ ಒರಗಿದ್ದ ದಸ್ಮಿ ಅಜ್ಜಿ, ಸನಿಕಾನ ತಾಯಿ, ಕೈಲಿದ್ದ ದೊನ್ನೆ ಎಸೆದಳು. ಅದು ಪಾಂಡುವಿನ ಮಂಡಿಗೆ ತಾಗಿ ಬಿತ್ತು.

"ನಗ್ರಪ್ಪಾ, ಬಾಯಲ್ಲಿ ಹಲ್ಲಿರೋ ತನಕ ನಗ್ರಿ," ಎಂದಳು. "ಅಳಿಯಂದ್ರೇ, ಬೂದೀಲಿ ಗುರುತು ಬೀಳದೆ ಇದ್ರೆ ಏನರ್ಥ ಅಂತ ನಾನು ಹೇಳ್ತೀನಿ. ಹೆಂಡ ಕೆಳಗಿಟ್ಟು ಕೇಳಿ. ನಡುವೆ ಎದ್ದು ಹೋಗೋ ಹಾಗಿಲ್ಲ."

ಅಜ್ಜಿ ಹೇಳಿದ್ದು ಹೀಗೆ.

ನಾನು ಹುಟ್ಟಿದ್ದು ಬುರುಹಾತುವಿನಲ್ಲಿ, ನಿಮಗೆಲ್ಲ ಗೊತ್ತು. ನಮ್ಮ ತಾತ ದಸಾಯ್ ಆ ಊರ ಯಜಮಾನ. ಈ ಕತೆ ಅವನದು... ಅವನ ತಮ್ಮ ತುರಾಮಂದು ಅಂತಾನೂ ಅನ್ನಿ. ಆದ್ರೆ ಸತ್ತೋನಿಗಿಂತ ಬದುಕಿ ಉಳಿದೋನೇ ಹೆಚ್ಚು ಅನುಭವಿಸಿದ್ದು, ಅದಕ್ಕೇ ತಾತಂದು ಅಂದೆ.

ಆ ಕಾಲದಲ್ಲಿ ರಾಜ ಇದ್ದ, ರಾಜನ ತಲೆ ಮೇಲೆ ಕಂಪನಿಯೋರಿದ್ರು. ರಾಜ ಏನ್ ಮಾಡ್ದ? ನಾವು ಕಾಡು ಕಡಿದು ಮಾಡಿದ ಊರುಗಳನ್ನ, ನಮ್ಮನ್ನ ಒಂದು ಮಾತೂ ಕೇಳ್ದೆ, ಎಲ್ಲಿಂದ್ಲೋ ಬಂದ ದಿಕುಗಳಿಗೆ, ಆ ಹೊರಗಿನೋರಿಗೆ, ಗುತ್ತಿಗೆ ಬರೆದುಕೊಟ್ಟ. ಅವರು ಬಂದ್ರು, ಎತ್ತು ಹೊಡ್ಕೊಂಡು ಹೋದ್ರು, ಹೆಣ್ಮಕ್ಕಳನ್ನ ಎಳ್ಕೊಂಡು ಹೋದ್ರು, ನಮ್ಮ ಮರದ ಮಾವಿನ ಹಣ್ಣು ನಾವು ತಿನ್ನೋ ಹಾಗಿಲ್ಲ ಅಂದ್ರು... ನಮ್ಮೋರು ಕಚೇರಿಗೆ ಹೋದ್ರೆ, ನೆಲ ನಿಮ್ಮದು ಅನ್ನೋದಕ್ಕೆ ಕಾಗದ ತೋರ್ಸಿ ಅಂದ್ರಂತೆ. ಕಾಗದ! ಊರ ಮುಂದೆ ಕಲ್ಲು ಮಲಗಿವೆ, ಒಂದೊಂದರ ಕೆಳಗೂ ನಾಲ್ಕು ನಾಲ್ಕು ತಲೆಮಾರಿನ ಮೂಳೆ ಇದೆ, ಕಲ್ಲು ಯಾರದೋ ನೆಲ ಅವರದು. ಅದಕ್ಕಿಂತ ಕಾಗದ ಬೇಕಾ? ತಾತ ಮೂರು ಸಲ ನಡ್ಕೊಂಡು ಹೋಗಿ, ಮೂರು ಸಲಾನೂ ಅದೇ ಮಾತು ಕೇಳ್ಕೊಂಡು ಬಂದ. ಹೊಟ್ಟೆ ಉರಿಯಲ್ವಾ, ನೀವೇ ಹೇಳಿ?

ಆ ವರ್ಷ ಪೂಸ್ ತಿಂಗಳ ಚಳೀಲಿ ಬಾಣ ಬಂತು. ಒಂದೇ ಒಂದು ಬಾಣ. ಯಾವ ಊರಿಂದ ಹೊರಟಿತ್ತೋ ಯಾರಿಗೂ ಗೊತ್ತಿಲ್ಲ, ಊರಿಂದ ಊರಿಗೆ ಕೈ ಬದಲಾಯಿಸ್ಕೊಂಡು ಬಂತು. ಬಾಣ ತಗೊಂಡ ಊರು ಎದ್ದ ಹಾಗೆ. ಮನೆಗೊಬ್ಬ ಬಿಲ್ಲು ಹಿಡಿದು ದಿಕುಗಳ ಮೇಲೆ ಹೊರಡಬೇಕು. ಅದಕ್ಕೆ ಕಟ್ಟಳೆ ಇತ್ತು. ಬಾಣ ನೆಲಕ್ಕೆ ತಾಗಬಾರದು. ಯಜಮಾನ ಕಳಿಸಿದ ಓಟಗಾರ ಅದನ್ನ ಮುಂದಿನ ಊರ ಯಜಮಾನನ ಕೈಗೇ ಇಡಬೇಕು, ಬೇರೆ ಕೈಗೆ ಕೊಡೋ ಹಾಗಿಲ್ಲ. ಮತ್ತೆ, ಚೆನ್ನಾಗಿ ಕೇಳಿಸ್ಕೊಳ್ಳಿ... ಬಾಣ ಹಿಡಿದೋನು ಅದನ್ನ ಕೊಡೋ ತನಕ ಯಾವ ಸೂರಿನ ಕೆಳಗೂ ಹೋಗಬಾರದು. ತನ್ನ ಮನೆ ಸೂರೇ ಆಗ್ಲಿ. ಅಲ್ಲಿ ತನಕ ಅವನು ಬಯಲೋನು.

ತಾತ ಬಾಣ ತಗೊಂಡು ತಮ್ಮ ತುರಾಮನ ಕೈಗೆ ಕೊಟ್ಟ. ತುರಾಮ ಊರಿಗೇ ದೊಡ್ಡ ಓಟಗಾರ, ಮೊಲ ಹಿಡಿಯೋಕೆ ನಾಯಿ ಬೇಡ ಅಂತಿದ್ರು ಅವನಿಗೆ. ಮುಂದಿನ ಊರು ಜೋಜೋಡಿ, ಒಂದು ಗುಡ್ಡ ಒಂದು ಹೊಳೆ ದಾಟಿದ್ರೆ ಆಯ್ತು. "ಯಜಮಾನನ ಕೈಗೇ ಕೊಡ್ಬೇಕು ಕಣೋ, ಬೇರೆ ಯಾರ ಕೈಗೂ ಬೇಡ," ಅಂದ ತಾತ. "ಮಧ್ಯಾಹ್ನದ ಗಂಜಿಗೆ ವಾಪಸ್ಸು ಬರ್ತೀನಿ ಅಣ್ಣ," ಅಂದ ತುರಾಮ. ಅವನ ಹೆಂಡತಿ ನಾಗಿ ಏಳು ತಿಂಗಳ ಬಸುರಿ, ಬಾಗಿಲಲ್ಲಿ ನಿಂತಿದ್ಲು. ಅಂಗಳದಿಂದ್ಲೇ ಅವಳ ಕಡೆ ನೋಡಿ ನಕ್ಕು ಹೋದ. ಬಾಣ ಕೈಯಲ್ಲಿತ್ತಲ್ಲ, ಬಾಗಿಲ ಹತ್ರ ಬರೋ ಹಾಗಿರಲಿಲ್ಲ.

ಜೋಜೋಡಿಗೆ ಹೋಗಿ ನೋಡಿದ್ರೆ ಅಲ್ಲೇನಾಗಿತ್ತು? ಅಲ್ಲಿನ ಮುದಿ ಯಜಮಾನ ಆ ಬೆಳಗ್ಗೆನೇ ಸತ್ತಿದ್ದ.

ಇಷ್ಟು ದಿನ ಬದುಕಿದ್ದ ಮುದುಕ ಇನ್ನೊಂದು ಹೊತ್ತು ಬದುಕಬಾರದಿತ್ತಾ? ಅವನ ಮಗ ರೋಕನ್ ಇದ್ದ, ಗಟ್ಟಿಮುಟ್ಟಾಗಿ ಇದ್ದ. ಆದ್ರೆ ಅಪ್ಪನ ನೆರಳನ್ನ ಮನೆಗೆ ಕರೆದು ಒಳಮನೇಲಿ ಕೂರಿಸೋ ತನಕ ಮಗ ಯಜಮಾನ ಆಗಲ್ಲ, ಅದಕ್ಕೆ ಇನ್ನೂ ಐದು ದಿನ ಇತ್ತು. "ನಾನು ಮುಟ್ಟೋ ಹಾಗಿಲ್ಲಪ್ಪ," ಅಂದ ರೋಕನ್. "ನಾನೂ ಕೊಡೋ ಹಾಗಿಲ್ಲ," ಅಂದ ತುರಾಮ. ಊರ ಮುಂದಿನ ಇಪ್ಪೆ ಮರದ ಕೆಳಗೆ ಬಾಣ ಹಿಡ್ಕೊಂಡು ಕೂತ. ಎರಡನೇ ದಿನ ಅಲ್ಲಿಂದ ಒಬ್ಬ ಬುರುಹಾತುಗೆ ಬಂದು ತಾತನ್ನ ಕೇಳ್ದ: "ನಿಮ್ಮ ತಮ್ಮ ಕೇಳ್ತಿದಾನೆ, ಮಗನ ಕೈಗೆ ಕೊಟ್ರೆ ನಡೆಯುತ್ತಾ?" ತಾತ ಬಿಲ್ಲಿಗೆ ಹುರಿ ಕಟ್ತಿದ್ದ. ತಲೆ ಎತ್ತಲಿಲ್ಲ. "ಒಂದ್ಸಲ ಹೇಳಿದೀನಲ್ಲ. ಯಜಮಾನನ ಕೈಗೆ," ಅಂದ.

ಒಂದೇ ಒಂದು ಮಾತು... ಹೂಂ ಕೊಡು ಅಂದಿದ್ರೆ ಆಗ್ತಿತ್ತು. ನನ್ನ ತಾತ ಕೆಟ್ಟೋನಲ್ಲ ರೀ. ಕಟ್ಟಳೆ ಅಂದ್ರೆ ಕಟ್ಟಳೆ ಅನ್ನೋ ಜಾತಿ. ಅಲ್ಲಿ ರೋಕನ್ನೂ ಅದೇ ಜಾತಿ. ಇಬ್ಬರು ಸರಿಯಾದ ಮನುಷ್ಯರ ನಡುವೆ ಸಿಕ್ಕಿ ಆ ಹುಡುಗ ನಾಲ್ಕು ದಿನ ಚಳೀಲಿ ಕೂತ.

ನಾಲ್ಕನೇ ದಿನ ಹೊಳೆ ಕಡೆಯಿಂದ ಕಂಪನಿ ಫೌಜು ಬಂತು, ಕುದುರೆ ಮೇಲೆ. ಜೋಜೋಡಿ ಜನ ಸಿಕ್ಕಿದ ಕಡೆ ಬಚ್ಚಿಟ್ಕೊಂಡ್ರು. ರೋಕನ್ನನ ತಾಯಿ, ಗಂಡನ್ನ ಕಳ್ಕೊಂಡು ನಾಲ್ಕು ದಿನ ಆದೋಳು, ಬಾಗಿಲು ತೆಗೆದು ಕೂಗಿದ್ಲು: "ಮಗಾ, ಒಳಗೆ ಬಾರೋ! ಭತ್ತದ ಕಣಜದ ಹಿಂದೆ ಕೂತ್ಕೋ, ಬಾ!" ತುರಾಮ ಓಡಿ ಬಂದ, ಸೂರಿನ ತನಕ ಬಂದ... ನಿಂತ. ಮುಷ್ಟೀಲಿ ಬಾಣ ಇತ್ತು. ಅವಳು ಕೈ ಹಿಡಿದು ಎಳೆದ್ಲಂತೆ, ಬರಲಿಲ್ಲ. ಸೂರಿನ ಅಂಚಿಂದ ಮೂರು ಹೆಜ್ಜೆ ಆಚೆ ಗುಂಡು ತಗುಲಿ ಬಿದ್ದ. ಬಿದ್ದಾಗ್ಲೂ ಬಾಣ ನೆಲಕ್ಕೆ ತಾಗದ ಹಾಗೆ ಕೈ ಎತ್ತಿ ಹಿಡಿದಿದ್ದನಂತೆ.

ಅಲ್ಲಿಂದಾಚೆ ಬಾಣ ಹೋಗಲಿಲ್ಲ. ಜೋಜೋಡಿ ಏಳಲಿಲ್ಲ, ಅದರಾಚೆ ಊರುಗಳೂ ಏಳಲಿಲ್ಲ. ಅಂದ್ರೆ ಯಾವುದು? ನಮ್ಮ ಈ ಮುರುದ್‌ಟೋಲಿಯೂ ಸೇರಿತು, ಅಳಿಯಂದ್ರ ಕುದಾಡಿಯೂ ಸೇರಿತು. ಎದ್ದ ಊರುಗಳಲ್ಲಿ ಎಷ್ಟೋ ಒಂಟಿಯಾಗಿ ಸುಟ್ಟುಹೋದ್ವು.

ಈಗ ತಪ್ಪು ಎಲ್ಲಾಯ್ತು ಅಂತ ಹೇಳ್ತೀನಿ. ಹೆಣ ಬುರುಹಾತುಗೆ ತಂದ್ರು. ಮುಷ್ಟಿ ಬಿಚ್ಚಲಿಲ್ಲ, ಬೆರಳು ಮರಗಟ್ಟಿತ್ತು. ಸತ್ತೋನ ಬಿಲ್ಲು ಬಾಣ ಸತ್ತೋನ ಜೊತೆ ಚಿತೆಗೆ ಹಾಕೋದು ನಮ್ಮ ಪದ್ಧತಿ. ಹಾಗೇ ಇರ್ಲಿ ಬಿಡಿ ಅಂದ್ರು ಗಂಡಸರು. ಆದ್ರೆ ಆ ಬಾಣ ಅವನದಾ? ಅದು ಯಾರೊಬ್ಬರದೂ ಅಲ್ಲ, ಅದು ಊರುಗಳದು! ಅದನ್ನ ಕಂಡವಳು ನಾಗಿ ಒಬ್ಬಳೇ. ಕಂಡು ಏನು ಮಾಡ್ತಾಳೆ? ಗಂಡನ ಅಣ್ಣನ ಜೊತೆ ಮಾತಾಡೋ ಹಾಗಿಲ್ಲವಲ್ಲ ನಮ್ಮಲ್ಲಿ, ಅವನ ಚಾಪೆ ತುಳಿಯೋ ಹಾಗೂ ಇಲ್ಲ. ತಾತನಿಗೆ ಏನಾದ್ರೂ ಹೇಳೋದಿದ್ರೆ ಅವಳು ಮನೆ ಮೇಕೆಗೆ ಹೇಳೋಳು, ತಾತ ಕೇಳಿಸ್ಕೊಳ್ಳೋನು. "ಏ ಮೇಕೆ, ಭಾವನವರಿಗೆ ಸೌದೆ ತರೋಕೆ ಹೇಳು," ಹಾಗೆ. ಅವತ್ತೂ ಅವಳು ಅಳ್ತಾ ಅಳ್ತಾ ಮೇಕೆಗೆ ಹೇಳಿದ್ಲು: "ಮೇಕೆ, ಬೆರಳು ಮುರಿದ್ರೂ ಸರಿ, ಆ ಬಾಣ ತೆಗೀಬೇಕು ಅಂತ ಹೇಳು. ಅದನ್ನ ಸುಡಬಾರದು ಅಂತ ಹೇಳು."

ತಾತ ಕೇಳಿಸ್ಕೊಂಡ. ಮುದುಕ ಆದ ಮೇಲೆ ನನ್ನ ಹತ್ರ ಒಪ್ಕೊಂಡಿದಾನೆ, ಸ್ಪಷ್ಟವಾಗಿ ಕೇಳಿಸ್ಕೊಂಡೆ ಅಂತ. ಆದ್ರೆ ನನಗೆ ಹೇಳಿದ ಮಾತಲ್ಲವಲ್ಲ, ಮೇಕೆಗೆ ಹೇಳಿದ್ದು, ಅಂದ್ಕೊಂಡನಂತೆ. ತಮ್ಮನ ಬೆರಳು ಮುರಿಯೋಕೆ ಮನಸ್ಸು ಬರಲಿಲ್ಲ, ಮೇಕೆ ನೆಪ ಸಿಕ್ತು. ಬೆಂಕಿ ಇಟ್ಟ.

ಆಮೇಲೆ ನೆರಳು ಕರೆಯೋ ದಿನ ಬಂತು. ಇಬ್ಬರು ಚಿತೆಯ ಜಾಗಕ್ಕೆ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿದು, ಬಾರಪ್ಪಾ ತುರಾಮಾ, ಮನೆಗೆ ಬಾ ಅಂತ ಕೂಗಿ ಕರ್ಕೊಂಡು ಬಂದ್ರು. ಒಳಗೆ ದೀಪ ಆರಿಸಿ, ಒಳಮನೇಲಿ ಬೂದಿ ಹರಡಿ, ಬಾಗಿಲು ಹಾಕ್ಕೊಂಡು ತಾತ ಕೂತಿದ್ದ. "ಏನು ತಂದ್ರಿ, ಸುಖಾನೋ ದುಃಖಾನೋ?" ಅಂದ. "ದುಃಖ ಬಿಟ್ಟು ಬಂದ್ವಿ, ಸುಖ ತಂದ್ವಿ," ಅಂದ್ರು. ಬಾಗಿಲು ತೆಗೆದು, ದೀಪ ಹಚ್ಚಿ ಬೂದಿ ನೋಡಿದ್ರೆ... ಒರೆಸಿ ಇಟ್ಟ ಹಾಗಿತ್ತು. ಎಂಟು ದಿನ ಬಿಟ್ಟು ಮತ್ತೆ ಕರೆದ್ರು. ಆ ಸಲ ಬೂದೀಲಿ ಗುರುತು! ಮೂರು ಬೆರಳಿನ ಸಣ್ಣ ಗುರುತು! ಊರೆಲ್ಲ ಕುಣೀತು, ಹೆಂಡದ ಗಡಿಗೆ ಬಂತು, ತಾತ ಗೋಡೆಗೆ ಮುಖ ಇಟ್ಟು ಅತ್ತ. ಅಷ್ಟರಲ್ಲಿ ಭತ್ತದ ಮೂಟೆ ಹಿಂದಿಂದ ಒಂದು ಕೋಳಿಮರಿ ಪಿಳ್ ಪಿಳ್ ಅಂತ ಹೊರಗೆ ಬಂತು ನೋಡಿ! ನಗಬೇಡ್ರೋ... ತಾತ ಅವತ್ತು ಆ ಮರೀನ ಎತ್ತಿ ಗೋಡೆಗೆ ಬಡಿಯೋನಿದ್ದ, ಅವನ ಹೆಂಡತಿ, ನಮ್ಮಜ್ಜಿ, ಕೈ ಹಿಡ್ಕೊಂಡ್ಲಂತೆ. ಮೂರನೇ ಸಲ ಕೋಳಿ, ನಾಯಿ, ಬೆಕ್ಕು ಎಲ್ಲಾನೂ ಹೊರಗಟ್ಟಿ ಕರೆದ್ರು. ಬೂದಿ ಹಾಗೇ ಇತ್ತು. ನಾಲ್ಕನೇ ಸಲ ಪೂಜಾರಿನೇ ಬರಲ್ಲ ಅಂದ. ನಿನ್ನ ತಮ್ಮನಿಗೆ ನಿನ್ನ ಮೇಲೆ ಕೋಪ, ನನ್ನ ಗಂಟಲು ಯಾಕೆ ಹರಕೋಬೇಕು ಅಂದ.

ಮೊದಲ ಮಳೆ ಬಂತು. ನಾಗಿ ಮಗು ಎತ್ಕೊಂಡು ಬಾಗಿಲಲ್ಲಿ ಕೂತಿದ್ಲು, ಹಗಲು ಹೊತ್ತು. ಅಂಗಳವೆಲ್ಲ ನೀರು ಹರೀತಾ ಇದೆ, ಸೂರಿಂದ ನೀರು ಧಾರೆಯಾಗಿ ಬೀಳ್ತಾ ಇದೆ. ಆ ಧಾರೆ ಬೀಳೋ ಗೆರೆಯಿಂದ ಒಂದು ಮೊಳ ಆಚೆ ಎರಡು ಪಾದದಷ್ಟು ನೆಲ ಒಣಗೇ ಇದೆ! ಧೂಳು ಕೂಡ ಹಾಗೇ ಇದೆ. ಅಷ್ಟು ಮಳೇಲಿ! ಅವಳು ಎಷ್ಟೋ ಹೊತ್ತು ನೋಡಿದ್ಲು. "ಬಂದ್ಯಾ?" ಅಂದ್ಲು. "ಒಳಗೆ ಬಾ, ಯಾಕೆ ಅಲ್ಲೇ ನಿಂತಿದೀಯಾ?" ಆ ಒಣ ಪಾದ ಮುಂದೆ ಬರಲಿಲ್ಲ, ಹಿಂದೆ ಹೋಗಲಿಲ್ಲ. ಮಗೂನ ತೋರ್ಸಿದ್ಲು, ಆಗ್ಲೂ ಬರಲಿಲ್ಲ. ಆಗ ಅವಳಿಗೆ ಅರ್ಥ ಆಯ್ತು.

ತಾತ ಗದ್ದೆಯಿಂದ ಬಂದ. ನಾಗಿ ಎದ್ದು ಅವನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ನಿಂತ್ಲು. ಮೇಕೆ ಅಲ್ಲೇ ಮೇಯ್ತಿತ್ತು, ಅದರ ಕಡೆ ನೋಡಲೇ ಇಲ್ಲ.

"ಭಾವಾ," ಅಂದ್ಲು.

ತಾತನ ಹೆಗಲಿಂದ ನೇಗಿಲು ಜಾರಿ ಬಿತ್ತಂತೆ. ಅವನ ಜೀವಮಾನದಲ್ಲಿ ಅವಳು ಅವನಿಗೆ ಹೇಳಿದ ಮೊದಲನೇ ಮಾತು ಅದು.

"ಭಾವಾ, ಅವನು ಬರಲ್ಲ ಅನ್ನಲಿಲ್ಲ. ಬರೋ ಹಾಗಿಲ್ಲ ಅವನಿಗೆ. ಬಾಣ ಅವನ ಕೈಲೇ ಇದೆ. ನೀವು ಅದನ್ನ ಅವನ ಜೊತೆ ಕಳಿಸಿದ್ರಿ. ಈಗ ಬದುಕಿರೋರು ಯಾರೂ ಅದನ್ನ ತಗೊಂಡು ಹೋಗಿ ಕೊಡೋಕಾಗಲ್ಲ, ಅವನೇ ಕೊಡ್ಬೇಕು. ಜೋಜೋಡಿ ಯಜಮಾನ ಕೈ ಒಡ್ಡಿ ತಗೊಳ್ಳೋ ತನಕ ನನ್ನ ಗಂಡ ಮಳೇಲೇ ನಿಂತಿರ್ತಾನೆ. ಹೋಗಿ, ಅವನನ್ನ ಕೇಳಿ. ಕಾಲಿಗೆ ಬೀಳ್ತೀರೋ, ಜುಟ್ಟು ಹಿಡೀತೀರೋ ನನಗೆ ಗೊತ್ತಿಲ್ಲ."

ತಾತ ಕೈ ಕೂಡ ತೊಳೀದೆ ಜೋಜೋಡಿಗೆ ಹೋದ. ಅಷ್ಟೊತ್ತಿಗೆ ರೋಕನ್ ಯಜಮಾನ ಆಗಿದ್ದ. ತಾತ ಎಲ್ಲ ಹೇಳಿದ. "ಇಪ್ಪೆ ಮರದ ಹತ್ರ ನಿಂತು ಕೈ ಒಡ್ಡು, ತಗೊಂಡೆ ಅನ್ನು, ಅಷ್ಟು ಸಾಕು," ಅಂದ. ರೋಕನ್ ತಲೆ ಕೆರ್ಕೊಂಡ. "ದಸಾಯಣ್ಣ, ಗಲಾಟೆ ಮುಗೀತಲ್ಲ. ಇನ್ಮೇಲೆ ಬಾಣ ಮುಟ್ಟಲ್ಲ ಅಂತ ಕಂಪನಿಯೋರು ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡಿದಾರೆ. ತಗೊಂಡ್ರೆ ನಾನು ಏಳಬೇಕು. ಒಬ್ಬನೇ ಎದ್ದು ಯಾರ ಮೇಲೆ ಹೋಗ್ಲಿ? ಏಳದೆ ಸುಮ್ನೆ ತಗೊಂಡ್ರೆ, ನಾನೂ ಸೂರಿನ ಹೊರಗೆ." ಕೂರಿಸಿ ಹೆಂಡ ಕೊಟ್ಟು ಕಳಿಸಿದ.

ಮುಂದಿನ ವರ್ಷ ಹೋದ. "ಈಗ ಕೊಯ್ಲು ಅಣ್ಣ, ಆಮೇಲೆ ಬಾ." ಅದರ ಮುಂದಿನ ವರ್ಷ ಹೋದ. "ಮಗಳ ಮದುವೆ ಇದೆ, ಮನೇಲಿ ಸಾವಿನ ಮಾತು ಬೇಡ." ಇನ್ನೊಂದು ವರ್ಷ ತಮಾಷೆ ಮಾಡ್ದ, "ಸುಟ್ಟ ಬಾಣ ಅಲ್ವಾ, ಬಿಸಿ ಆರಿದ ಮೇಲೆ ತಗೋತೀನಿ," ಅಂತ. ತಾತ ಅವತ್ತು ಅವನ ಮೇಲೆ ಕೈ ಮಾಡಿದ, ನಾಲ್ಕು ಜನ ಹಿಡ್ಕೊಂಡ್ರು. ಇಪ್ಪತ್ತು ವರ್ಷ ರೀ... ಇಪ್ಪತ್ತು ವರ್ಷ ಪೂಸ್ ತಿಂಗಳು ಬಂದ್ರೆ ತಾತ ಜೋಜೋಡಿಗೆ ಹೋಗೋನು, ಬೈಸ್ಕೊಂಡು ಬರೋನು, ಸಂಜೆ ಒಳಮನೇಲಿ ಬೂದಿ ಹರಡೋನು, ಬೆಳಗ್ಗೆ ಅದೇ ಬೂದೀನ ಗುಡಿಸಿ ಎಸೆಯೋನು. ಊರೋರು ಅವನಿಗೆ ಬೂದಿ ಯಜಮಾನ ಅಂತ ಹೆಸರಿಟ್ರು. ತುರಾಮನ ಮಗ ಬೆಳೆದು ನೇಗಿಲು ಹಿಡಿದ. ನಾಗಿ ತಲೆ ನರೀತು. ಮಳೆಗಾಲ ಬಂದ್ರೆ ಅವಳು ಸೂರಿನ ಆಚೆ ಒಂದು ದೊನ್ನೆ ಗಂಜಿ ಇಟ್ಟು, ಆ ಒಣ ನೆಲದ ಹತ್ರ ಮಾತಾಡ್ತಾ ಕೂರೋಳು. ನಾನು ನೋಡಿದೀನಿ ಆ ಒಣ ನೆಲನ. ಒಂದು ದಿನ ಕಾಲಿಡೋಕೆ ಹೋದೆ, ನಾಗಿ ಅಜ್ಜಿ ಕಪಾಳಕ್ಕೆ ಬಿಟ್ಲು.

ನನಗೆ ಏಳು ವರ್ಷ ಆಗ. ಒಂದು ದಿನ ರೋಕನ್ನೇ ಬುರುಹಾತುಗೆ ಬಂದ. ಮುದುಕ ಆಗಿದ್ದ, ಮುಖ ಕೆಂಡ ಆಗಿತ್ತು. ಕೂತ್ಕೋ ಅಂದ್ರೆ ಕೂರಲಿಲ್ಲ. "ದಸಾಯಣ್ಣ, ಗುತ್ತಿಗೆಯೋನು ನಮ್ಮ ಹಿರೇರ ಕಲ್ಲು ಕಿತ್ತು ಅವನ ಮನೆ ಮೆಟ್ಟಿಲಿಗೆ ಹಾಕ್ಕೊಂಡ. ನನ್ನ ಅಪ್ಪನ ಎದೆ ಮೇಲಿನ ಕಲ್ಲು! ಅದರ ಮೇಲೆ ಚಪ್ಪಲಿ ಬಿಡ್ತಾನೆ! ಕಚೇರಿಗೆ ಹೋದ್ರೆ ಕಾಗದ ಎಲ್ಲಿ ಅಂತಾರೆ..." ಅಂದ. "ಕರಿ ನಿನ್ನ ತಮ್ಮನ್ನ. ಈಗ ಕೊಡ್ಲಿ. ತಗೋತೀನಿ."

ತಾತ, "ಇಪ್ಪತ್ತು ವರ್ಷದ ಹಿಂದೆ ತಗೊಂಡಿದ್ರೆ..." ಅಂತ ಬಾಯಿ ತೆಗೆದ, ಅಲ್ಲಿಗೇ ಬಿಟ್ಟ. ಇಬ್ಬರೂ ಜೋಜೋಡಿಯ ಇಪ್ಪೆ ಮರದ ಹತ್ರ ಹೋದ್ರು. ರೋಕನ್ ಬಲಗೈ ಒಡ್ಡಿ, "ಬುರುಹಾತುವಿನ ಬಾಣ ಜೋಜೋಡಿ ತಗೊಂಡ್ತು," ಅಂದ. ಏನೂ ಕಾಣಲಿಲ್ಲ, ಏನೂ ಕೇಳಿಸಲಿಲ್ಲ ಅಂತಿದ್ದ ತಾತ. ಆದ್ರೆ ರೋಕನ್ನನ ಬೆರಳು ಒಂದೊಂದಾಗಿ ಮಡಚಿಕೊಂಡ್ವು, ಮುಷ್ಟಿ ಮುಚ್ಚಿತು. ಆಮೇಲೆ ಬಿಚ್ಚಲಿಲ್ಲ.

ಆ ಸಂಜೆ ನಮ್ಮ ಮನೇಲಿ ಬೂದಿ ಹರಡಿದ್ರು. ಕೋಳಿ ಇರಲಿಲ್ಲ, ನಾನೇ ಎಲ್ಲಾನೂ ಬುಟ್ಟೀಲಿ ಮುಚ್ಚಿದ್ದೆ. ಬಾಗಿಲು ತೆಗೆದು ದೀಪ ಹಚ್ಚಿದಾಗ ನಾನು ತಾತನ ಕಾಲ ಸಂದೀಲಿ ತೂರಿ ನೋಡ್ದೆ... ಬೂದಿ ನಡುವೆ ಒಂದು ಹೆಜ್ಜೆ. ಓಡೋರ ಹೆಜ್ಜೆ, ಮುಂಗಾಲಷ್ಟೇ ಊರಿದ್ದು. ತಾತ ಆ ಬೂದಿ ಮುಂದೆ ನೆಲಕ್ಕೆ ಹಣೆ ಹಚ್ಚಿದ. ನಾಗಿ ಅಜ್ಜಿ ಅಳಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ಆ ಗುರುತಿಗೆ, "ಮಧ್ಯಾಹ್ನದ ಗಂಜಿಗೆ ಬರ್ತೀನಿ ಅಂದಿದ್ಯಲ್ಲ. ಇದೇನಾ ನಿನ್ನ ಮಧ್ಯಾಹ್ನ?" ಅಂದ್ಲು. ಗಂಜಿ ಬಡಿಸಿದ್ಲು.

ಇಲ್ಲಿಗೆ ಮುಗೀತು ಅಂದ್ಕೊಂಡ್ರಾ? ಮುಗಿಯೋ ಕತೆ ಆಗಿದ್ರೆ ನಾನ್ಯಾಕೆ ಈ ಮಳೇಲಿ ಗಂಟಲು ಹರಕೋತಿದ್ದೆ?

ಬಾಣ ಈಗ ರೋಕನ್ ಕೈಲಿ. ಅವನು ಮುಂದಿನ ಊರಿಗೆ ಓಡಿದ. "ಕೈ ಒಡ್ಡು," ಅಂದ. ಅಲ್ಲಿನ ಯಜಮಾನ, "ನಿನ್ನ ಕೈ ಖಾಲಿ ಇದೆಯಲ್ಲ ಮುದುಕಪ್ಪ, ಮನೆಗೆ ಹೋಗಿ ಮಲಕೋ," ಅಂದ. ಯಾವ ಮನೆಗೆ ಹೋಗ್ತಾನೆ? ಒಂದು ಚಳಿಗಾಲ ಊರ ಮುಂದಿನ ಅದೇ ಇಪ್ಪೆ ಮರದ ಕೆಳಗೇ ಮಲಗಿ ಸತ್ತ. ಅವನ ಮನೇಲೂ ಬೂದಿ ಹಾಗೇ ಉಳೀತು, ಹನ್ನೊಂದು ವರ್ಷ. ಆ ಮುಂದಿನ ಊರಿನ ಯಜಮಾನ ಬಾಣ ತಗೊಂಡಿದ್ದು ಯಾವಾಗ? ತನ್ನ ಊರಿನ ಕಲ್ಲಿಗೆ ಕೈ ಬಿದ್ದಾಗ. ಅವನು ಹೋಗಿ ಆಗ ಹರೆಯದಲ್ಲಿದ್ದ ಹೇಸಾಲಿನ ರೀಸಾನ ಹತ್ರ ಮುಷ್ಟಿ ಚಾಚಿದ್ರೆ, ರೀಸಾನೂ ನಕ್ಕ; ಆ ಯಜಮಾನನ ನೆರಳೂ ಸೂರಿನ ಹೊರಗೇ ಉಳೀತು. ಇದಕ್ಕೇ ನನಗೆ ಸಿಟ್ಟು ಬರೋದು! ಬಾಣ ಬಂದ ದಿನ ಯಾರೂ ಕೈ ಒಡ್ಡಲ್ಲ. ಮನೆ ಸುಟ್ಟ ಮೇಲೆ ಒಡ್ತಾರೆ, ಒಬ್ಬೊಬ್ಬರಾಗಿ, ಒಂಟಿಯಾಗಿ. ಎಲ್ಲ ಊರೂ ಒಂದೇ ವಾರದಲ್ಲಿ ತಗೊಂಡಿದ್ರೆ ಇವತ್ತು ಅಮೀನನ ಸರಪಳಿ ಈ ಕಡೆ ಬರ್ತಿತ್ತಾ? ತೊಂಬತ್ತು ವರ್ಷ ಆಗ್ತಾ ಬಂತು, ಆ ಬಾಣ ಇನ್ನೂ ನಡೀತಾನೇ ಇದೆ.

ಈಗ ಹೇಸಾಲಿನ ಮಾತಿಗೆ ಬರೋಣ. ಹೋದ ಚಳಿಗಾಲ ಅಮೀನ ಹೇಸಾಲಿನ ಕಲ್ಲುಗಳ ಮೇಲೆ ಸರಪಳಿ ಎಳೆದ, ನಿಮಗೆ ಗೊತ್ತು. ಅವತ್ತು ರೀಸಾ ಕೈ ಒಡ್ಡಿದ. ಹೋದ ತಿಂಗಳು ನಮ್ಮ ಅಂಗಳಕ್ಕೆ ಬಂದಿದ್ದ, ಇದೇ ಸೂರಿನ ಆಚೆ ನಿಂತಿದ್ದ. ಮುಷ್ಟಿ ಮುಚ್ಚಿತ್ತು. ನನ್ನ ಮಗ ಸನಿಕಾ ಏನು ಮಾಡ್ದ? "ಮಾವ, ಒಳಗೆ ಬಂದು ಹೆಂಡ ಕುಡಿ," ಅಂದ. ನಾನು ಒಳಗಿಂದ ನೋಡ್ತಿದ್ದೆ. ನಾನೂ ಬಾಯಿ ಬಿಡಲಿಲ್ಲ... ತಾಯಿ ಅಲ್ವಾ, ಇರೋನು ಒಬ್ಬ ಮಗ, ಸೂರಿನ ಒಳಗೆ ಇರ್ಲಿ ಅಂತ ಸುಮ್ಮನಿದ್ದೆ. ನಾನು ಬೈತಿರೋರಲ್ಲಿ ನನ್ನನ್ನೂ ಸೇರಿಸ್ಕೊಳ್ಳಿ. ರೀಸಾ ತನ್ನ ಮನೆ ಎದುರಿನ ಹಲಸಿನ ಮರದ ಕೆಳಗೆ ಸತ್ತ. ಯಾಕೆ ಒಳಗೆ ಮಲಗಲಿಲ್ಲ ಅಂತ ಯಾರಾದ್ರೂ ಕೇಳಿದ್ರಾ? ಮುದುಕನಿಗೆ ತಲೆ ಕೆಟ್ಟಿತ್ತು ಅಂದ್ರಿ.

ಈ ಮಳೆ ಹಿಡಿದ ದಿನದಿಂದ ಅಲ್ಲಿ, ಸೂರಿನ ಆಚೆ, ಎರಡು ಪಾದದಷ್ಟು ನೆಲ ಒಣಗಿತ್ತು. ನಿಮ್ಮಲ್ಲಿ ಯಾರೂ ನೋಡಲಿಲ್ಲ. ಅಲ್ಲೇ ದಾಟಿ ಬಂದ್ರಿ, ದಾಟಿ ಹೋದ್ರಿ. ನಾನು ನೋಡಿದೆ. ಸನಿಕಾನೂ ನೋಡ್ದ. ನಾನೂ ಅವನೂ ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ.

ಇವತ್ತು ಬೆಳಗ್ಗೆ ಎದ್ದು ನೋಡ್ತೀನಿ... ಆ ನೆಲ ಒದ್ದೆ ಆಗಿದೆ. ನೀರು ನಿಂತಿದೆ.

ನಾಳೆ ಹೇಸಾಲಿಂದ ಸುದ್ದಿ ಬರುತ್ತೆ ನೋಡ್ತಿರಿ, ಬೂದೀಲಿ ಹೆಜ್ಜೆ ಬಿತ್ತು ಅಂತ. ಚಾಂದೋ, ನೀನು ಸನಿಕಾನ ಹೆಂಡತಿ, ಹೇಳು. ನಿನ್ನ ಗಂಡ ಬೆಳಗಿಂದ ಈ ಜಗಲಿ ಹತ್ತಿದಾನಾ? ಗಂಜಿ ಎಲ್ಲಿ ಉಂಡ? ಯಾವ ಕೈಲಿ ಉಂಡ? ಸುಮ್ನೆ ಅಳಬೇಡ, ಅತ್ತು ಪ್ರಯೋಜನ ಇಲ್ಲ, ನಾಗಿ ಅಜ್ಜೀನೂ ಅತ್ತು ನೋಡಿದ್ಲು. ಗೊರಬಿನ ಒಳಗೆ ಆ ಬಲಗೈ ಹೇಗಿದೆ ಅಂತ ನನಗೆ ಹೋಗಿ ನೋಡೋ ಧೈರ್ಯ ಇಲ್ಲ.

ಯಾಕೆ ಅಳಿಯಂದ್ರೇ, ಹೆಂಡ ಹಾಗೇ ಉಳಿಸಿದ್ರಿ? ಆಗ ನಗ್ತಿದ್ರಲ್ಲ. ಮುರುದ್‌ಟೋಲಿ ಆದ ಮೇಲೆ ಮುಂದಿನ ಊರು ಯಾವುದು ಅಂತ ನಾನು ಹೇಳ್ಬೇಕಾ? ಹೊಳೆ ತುಂಬಿದೆ, ಎದ್ದು ಓಡೋಕೆ ದಾರಿ ಇಲ್ಲ ನಿಮಗೆ. ನನ್ನ ಮಗ ಬೆಳಗಿಂದ ಮಳೇಲಿ ನಿಂತು ಕಾಲುವೆ ಕಾಯ್ತಿದಾನೆ ಅಂದ್ಕೊಂಡ್ರಾ?